ತಾಲೀಮಿನಲ್ಲಿ ಗೆದ್ದವಳು

ಎಡಗಾಲಿಗೆ ಚಪ್ಪಲಿ ಹತ್ತುತ್ತಲೇ ಇರಲಿಲ್ಲ. ಪಕ್ಕದ ಮನೆಯ ಲೂಡಿ ಆಂಟಿ ಸೆಲ್ಮಾಳ ಪಾದವನ್ನು ಅಂಗೈಯಲ್ಲಿ ಹಿಡಿದು ಒತ್ತಿದಳು, ತಿರುಗಿಸಿದಳು, ಕೊನೆಗೆ ಪಟ್ಟಿ ಬಿಚ್ಚಿ ಸುಮ್ಮನೆ ಕಾಲಡಿಯಲ್ಲಿ ಇಟ್ಟಳು. ಬೆಳ್ಳಿ ಬಣ್ಣದ ಎತ್ತರದ ಚಪ್ಪಲಿ.

"ಮೇಲಕ್ಕೆ ಹೋಗೋಳಿಗೆ ಇಷ್ಟೆತ್ತರದ್ದು ಯಾಕೆ ಬೇಕಿತ್ತೇ?" ಎಂದು ಹೆಣವನ್ನೇ ಕೇಳಿದಳು. ಮಗಳು ಗ್ಲೆನಿಸ್ ನಕ್ಕಳು. ನಕ್ಕದ್ದಕ್ಕೆ ನಾಚಿ ಮುಖ ತಿರುಗಿಸಿದಳು.

ಅದು ಸೆಲ್ಮಾಳ ಕೆಲಸದ ಚಪ್ಪಲಿ. ವರ್ಷವಿಡೀ ಆಕೆ ಸಿನಿಮಾದ ಮದುವೆಮನೆಯಲ್ಲಿ, ಸಂತೆಯಲ್ಲಿ, ಗುಂಪಿನಲ್ಲಿ ನಿಲ್ಲುವವಳು. ವರ್ಷಕ್ಕೊಂದು ದಿನ ಮಾತ್ರ ನಾಯಕಿ. ಹಿಂದಿ ಚಿತ್ರಗಳ ಪ್ರಶಸ್ತಿ ಸಮಾರಂಭದ ಹಿಂದಿನ ದಿನ ಖಾಲಿ ಸಭಾಂಗಣದಲ್ಲಿ ತಾಲೀಮು ನಡೆಯುತ್ತಿತ್ತು. ಯಾರ ಕುರ್ಚಿ ಯಾವುದೆಂದು ಗೊತ್ತಾಗಲು ತಾರೆಯರ ಮುಖದ ದೊಡ್ಡ ಚಿತ್ರಗಳನ್ನು ಕುರ್ಚಿಗಳ ಬೆನ್ನಿಗೆ ಕಟ್ಟಿರುತ್ತಿದ್ದರು. ಆ ಮುಖಗಳ ನಡುವೆ ಸೆಲ್ಮಾ ಕೂರುತ್ತಿದ್ದಳು. ಯಾವುದೋ ತಾರೆಯ ಹೆಸರು ಕೂಗಿದಾಗ ಅವಳ ಬದಲಿಗೆ ಎದೆ ಮುಟ್ಟಿಕೊಂಡು ಎದ್ದು, ಮೆಟ್ಟಿಲು ಹತ್ತಿ, ಮರದ ತುಂಡೊಂದನ್ನು ಪ್ರಶಸ್ತಿಯೆಂದು ಪಡೆದು ಮೈಕಿನ ಮುಂದೆ ಒಂದಿಷ್ಟು ಮಾತಾಡಬೇಕು. ಅಷ್ಟರಲ್ಲಿ ಬೆಳಕಿನವರೂ ಕ್ಯಾಮೆರಾದವರೂ ತಮ್ಮ ಕೆಲಸ ಸರಿಮಾಡಿಕೊಳ್ಳುತ್ತಿದ್ದರು. ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಹಾಗಾಗಿ ಆಕೆ ಪ್ರತಿವರ್ಷವೂ ವರ್ಷಕ್ಕಾಗುವಷ್ಟು ಕುಟ್ಟಿ ಬಾಟಲಿಯಲ್ಲಿ ತುಂಬಿಡುವ ಮಸಾಲೆಪುಡಿಗೆ ಏನೇನು ಹುರಿಯಬೇಕೆಂದು ಗಂಟಲುಬ್ಬಿ ಬಂದವಳಂತೆ ಹೇಳಿ ಇಳಿಯುತ್ತಿದ್ದಳು.

ನಿನ್ನೆಯೂ ತಾಲೀಮಿಗೆ ಹೋಗಿದ್ದಳು. ಮಧ್ಯಾಹ್ನ ಮರೋಳದ ತನ್ನ ಮನೆಗೆ ಬಂದು, ಚಹಾ ಮಾಡಿ, ಕೂತಲ್ಲೇ ಹೋಗಿಬಿಟ್ಟಿದ್ದಳು. ಇಂದು ಆಕೆಯ ಮಣ್ಣು. ಸಂಜೆಗೆ ಸಮಾರಂಭ.

ಚರ್ಚಿನ ಪೂಜೆಯಲ್ಲಿ ಯಾರ ಯಾರ ಆತ್ಮಕ್ಕೆ ಶಾಂತಿ ಕೋರಬೇಕೆಂದು ಪಾದ್ರಿಗಳು ಕೇಳಿ ಕಳಿಸಿದ್ದರು. ಅಪ್ಪನ ಹೆಸರನ್ನೂ ಸೇರಿಸಿ ಎಂದಳು ಗ್ಲೆನಿಸ್. ಸೆಲ್ಮಾಳ ತಮ್ಮ ಹಿಲರಿ ಎದ್ದು ನಿಂತ.

ಗ್ಲೆನಿಸ್ ಮೂರನೇ ಕ್ಲಾಸಿನಲ್ಲಿದ್ದಾಗ ಅವಳ ಅಪ್ಪ ಬೋನಿಫಾಸ್, ಎಲ್ಲರ ಬಾಯಲ್ಲಿ ಬೋನಿ, ಸರಕಿನ ಹಡಗಿನಲ್ಲಿ ಹೋದವನು. ಒಂದು ಬೆಳಿಗ್ಗೆ ನಡುಗಡಲಿನಲ್ಲಿ, ಹಡಗಿನಲ್ಲಿ ಅವನಿರಲಿಲ್ಲ. ಅವನ ಟ್ರಂಕು ಮಾತ್ರ ಮನೆಗೆ ಬಂತು. ಸೆಲ್ಮಾ ಕಪ್ಪು ಉಡಲಿಲ್ಲ, ಅವನ ಹೆಸರು ಪೂಜೆಗೆ ಕೊಡಲಿಲ್ಲ. ಹೆಣ ತೋರಿಸಿ, ಆಮೇಲೆ ಅಳ್ತೀನಿ ಎಂದಳು. ಆ ಮನೆಯಲ್ಲಿ ಅಳುವುದಕ್ಕೇ ಅಪ್ಪಣೆ ಇರಲಿಲ್ಲ. ಅದೇ ಮಾತಿಗೆ ಜಗಳವಾಡಿ ಗ್ಲೆನಿಸ್ ದೂರದ ನಾಲಾಸೋಪಾರಾದಲ್ಲಿ ಬೇರೆ ಮನೆ ಮಾಡಿದ್ದಳು.

"ಅಕ್ಕ ಇದ್ದಾಗ ಒಪ್ಪಲಿಲ್ಲ," ಎಂದ ಹಿಲರಿ. "ಈಗ ಅವಳಿಗೆ ಬಾಯಿಲ್ಲ ಅಂತ ವಿಧವೆ ಮಾಡಿ ಕಳಿಸ್ತೀಯಾ?"

"ನಂಗೊಂದ್ಸಲ ಅಪ್ಪನಿಗೋಸ್ಕರ ಅಳಬೇಕು ಮಾಮಾ. ಅಷ್ಟೇ."

ಹೂವಿನ ಚಕ್ರ ಹಿಡಿದು ಬಾಗಿಲಲ್ಲಿ ನಿಂತಿದ್ದ ಶಿರೀಷ್ ತಾಮ್ಹಣೆ ಇದನ್ನು ಕೇಳಿಸಿಕೊಂಡ. ಸಮಾರಂಭದ ವೇದಿಕೆ ನೋಡಿಕೊಳ್ಳುವವನು, ಬೇಗ ಹಿಂದಿರುಗಬೇಕಿತ್ತು. ಇಬ್ಬರನ್ನೂ ಅಡುಗೆಮನೆಗೆ ಕರೆದು, ಹೇಳಲೋ ಬೇಡವೋ ಎಂದು ತಡವರಿಸಿ, ನಿನ್ನೆಯ ತಾಲೀಮಿನಲ್ಲಿ ನಡೆದದ್ದನ್ನು ಹೇಳಿದ.

*

ಸೆಲ್ಮಾ ಎಂದಿನಂತೆ ಮೆಣಸಿನಕಾಯಿ, ಧನಿಯ ಎಂದು ಶುರು ಮಾಡಿದವಳು ನಡುವೆಯೇ ನಿಂತಳು. ಚಿತ್ರ ಕಟ್ಟದ ಹಿಂದಿನ ಸಾಲುಗಳ ಕಡೆ ನೋಡುತ್ತಿದ್ದಳು.

"ಇಷ್ಟು ಹೊತ್ತಾ?" ಎಂದಳು ಮೈಕಿನಲ್ಲಿ. ಸಿಟ್ಟಿರಲಿಲ್ಲ. ಊಟ ಆರಿಹೋಯಿತು ಎನ್ನುವ ದನಿ. "ಕೂತಿರಿ, ಇದನ್ನ ಮುಗಿಸಿ ಬರ್ತೀನಿ."

ಬೆಳಕಿನ ಹುಡುಗರು ನಕ್ಕರು. ಶಿರೀಷ್ ಅತ್ತ ನೋಡಿದ. ಆ ಸಭಾಂಗಣದ ಕುರ್ಚಿಗಳು ಕೂತವರು ಎದ್ದೊಡನೆ ತಾವೇ ಮಡಚಿಕೊಳ್ಳುವಂಥವು. ಎಲ್ಲವೂ ಮಡಚಿದ್ದವು. ಹಿಂದೆ, ದಾರಿಯ ಪಕ್ಕದ ಒಂದು ಮಾತ್ರ ತೆರೆದಿತ್ತು. ಕೆಟ್ಟಿರಬೇಕೆಂದು ನೋಡಲು ಹೊರಟ. ಅವನು ಇನ್ನೂ ಅರ್ಧ ದಾರಿಯಲ್ಲಿರುವಾಗ ಅದು ನಿಧಾನವಾಗಿ ಮೇಲೆದ್ದು ಮಡಚಿಕೊಂಡಿತು. ಹೋಗಿ ಕೈಯಿಂದ ಒತ್ತಿ ಬಿಟ್ಟ, ಸರಿಯಾಗಿಯೇ ಇತ್ತು. ಎಸಿ ಇನ್ನೂ ಹಾಕಿರಲಿಲ್ಲ. ಆದರೂ ಸೀಟು ತಣ್ಣಗೆ ಕೊರೆಯುತ್ತಿತ್ತು.

ಅಷ್ಟರಲ್ಲಿ ಸೆಲ್ಮಾ ಪಕ್ಕದ ಬಾಗಿಲು ತಲುಪಿದ್ದಳು. ಹೊರಗೆ ಕಾಲಿಟ್ಟು, ಬಾಗಿಲನ್ನು ತೆರೆದೇ ಹಿಡಿದು ನಿಂತಳು. ಒಬ್ಬರು ದಾಟಿ ಬರುವಷ್ಟು ಹೊತ್ತು. ಆಮೇಲೆ ಬಿಟ್ಟಳು.

*

ಗ್ಲೆನಿಸ್ ಅಡುಗೆಮನೆಯ ತೊಳೆಯುವ ತೊಟ್ಟಿಯ ಕಡೆ ನೋಡಿದಳು.

"ನಿನ್ನೆ ನಾನು ಬಂದಾಗ ಟೇಬಲ್ ಮೇಲೆ ಎರಡು ಕಪ್ಪಿತ್ತು," ಎಂದಳು ಮೆಲ್ಲಗೆ. "ಲೂಡಿ ಆಂಟಿ ಬಂದಿರ್ಬೇಕು ಅಂದ್ಕೊಂಡು ತೊಳೆದಿಟ್ಟೆ."

ಲೂಡಿ ಆಂಟಿ ನಿನ್ನೆ ಊರಲ್ಲೇ ಇರಲಿಲ್ಲವೆಂದು ಹಿಲರಿಗೆ ಗೊತ್ತಿತ್ತು. ಎರಡೂ ಹೆಸರು ಹೇಳಿ ಬರುತ್ತೇನೆಂದು ತಾನೇ ಚರ್ಚಿಗೆ ಹೊರಟ.

ಪೂಜೆಯಲ್ಲಿ ಪಾದ್ರಿಗಳು ಸೆಲ್ಮಾ ಎಂದರು, ಬೋನಿಫಾಸ್ ಎಂದರು. ಗ್ಲೆನಿಸ್ ಬೆಂಚಿನ ಅಂಚು ಹಿಡಿದು ಬಿಕ್ಕಿದಳು, ಶಾಲೆಯಿಂದ ಕರೆದೊಯ್ಯಲು ಯಾರೂ ಬಾರದ ಮಗುವಿನ ಹಾಗೆ.

ಸ್ಮಶಾನದಲ್ಲಿ ಜಾಗ ಇಕ್ಕಟ್ಟು. ಸಮಾಧಿಗಳ ನಡುವೆ ಜನ ಭುಜಕ್ಕೆ ಭುಜ ಒತ್ತಿಕೊಂಡು ನಿಂತಿದ್ದರು. ಕೆಲವರು ಪಕ್ಕದ ಕಲ್ಲುಗಳ ಮೇಲೆ ಹತ್ತಿದ್ದರು. ಒಂದು ಹಿಡಿ ಮಣ್ಣು ಹಾಕಿ ಓಡೋಣವೆಂದು ಶಿರೀಷ್ ನುಗ್ಗಿಕೊಂಡು ಮುಂದೆ ಬಂದ. ಗುಂಡಿಯ ಅಂಚಿನಲ್ಲಿ, ಗ್ಲೆನಿಸಳ ಎಡಕ್ಕೆ, ಒಬ್ಬ ಗಂಡಸು ನಿಲ್ಲುವಷ್ಟು ಜಾಗ ಖಾಲಿಯಿತ್ತು. ಹಿಂದಿನಿಂದ ಅಷ್ಟು ನೂಕುನುಗ್ಗಲಿದ್ದರೂ ಯಾರೂ ಅಲ್ಲಿ ಕಾಲಿಟ್ಟಿರಲಿಲ್ಲ. ಶಿರೀಷ್ ಒಂದು ಹೆಜ್ಜೆ ಇಟ್ಟ. ನಿನ್ನೆಯ ಸೀಟಿನದೇ ತಣುಪು ತಾಗಿ ತಕ್ಷಣ ಹಿಂದೆ ಸರಿದ. ತುಟಿಯಲ್ಲೇ ಕ್ಷಮಿಸಿ ಎಂದು, ಆ ಖಾಲಿ ಜಾಗಕ್ಕೆ ತಾಗದ ಹಾಗೆ ಕೈಯನ್ನು ಪಕ್ಕದಿಂದ ಚಾಚಿ, ಮಣ್ಣು ಹಾಕಿದ.