ಮಡಕೆಯೊಳಗಿನ ಕೂಸು

ಥೀವಾ ಊರಿನ ಉತ್ಖನನದಲ್ಲಿ ಹಳೆಯ ಮಡಕೆಚೂರು ತೊಳೆಯುವ ಎವ್ದೊಕಿಯಾ ಮನೆಗೆ ಬಂದಾಗ, ಮೈದುನ ಸ್ತಾಥಿಸ್ ಅಂಗಳದಲ್ಲಿ ಚಿತ್ರದ ಮಡಕೆಯೊಂದನ್ನು ಬೋರಲು ಹಿಡಿದು ಕೊಡವುತ್ತಿದ್ದ. ಆಲಿವ್ ತೋಪಿನಲ್ಲಿ ಕದ್ದು ಗೋರಿ ಅಗೆದಿದ್ದ. ಮಣ್ಣಿನ ಜೊತೆ, ಹಿಂದಿನ ಕಾಲದವರು ಆ ಮಡಕೆಯಲ್ಲಿಟ್ಟು ಹೂಳಿದ್ದ ಎಳೆಗೂಸಿನ ಮೂಳೆಗಳು ಉದುರಿದವು. ಕೋಳಿಗಳು ಓಡಿಬಂದು ಕುಕ್ಕತೊಡಗಿದವು.

"ಥೂ! ಅದು ಮಗು ಕಣೋ!"

"ಎರಡೂವರೆ ಸಾವಿರ ವರ್ಷದ ಮಗು ಅತ್ತಿಗೆ, ಅಳೋರು ಯಾರಿದ್ದಾರೆ? ಕೊಳ್ಳೋನಿಗೆ ಖಾಲಿ ಮಡಕೆ ಬೇಕು," ಎಂದು ಅವನು ನಕ್ಕ.

ಅವಳು ಕೋಳಿಗಳನ್ನು ಅಟ್ಟಿ, ಮೂಳೆಗಳನ್ನೆಲ್ಲ ಮಡಿಲಿಗೆ ಆಯ್ದುಕೊಂಡು, ಮಡಕೆ ಕಿತ್ತುಕೊಂಡು ನೇರ ಠಾಣೆಗೆ ನಡೆದಳು. ಸಂಜೆ ಪೊಲೀಸರು ಸ್ತಾಥಿಸ್‌ನನ್ನು ಎಳೆದೊಯ್ದರು.

"ಮನೆಮಗನನ್ನೇ ಹಿಡಿದುಕೊಟ್ಯಲ್ಲೇ!" ಎಂದು ಅತ್ತೆ ಕಿರುಚಿದಳು.

"ಅವನ ಕೈ ಮುಟ್ಟಿದ ರೊಟ್ಟಿ ಇನ್ನು ನನ್ನ ಗಂಟಲಲ್ಲಿ ಇಳಿಯಲ್ಲ, ಅತ್ತೆ," ಎಂದಳು ಎವ್ದೊಕಿಯಾ.