ಫೋಟೊ ಹೋದರೆ ಕಾರ್ಡೂ ಹೋಯಿತೇ?

ಮಂಗಳವಾರ ಮಧ್ಯಾಹ್ನ ಟೈಲರ್ ಅಂಗಡಿಯ ರೇಡಿಯೊ ಸುದ್ದಿ ಹೇಳಿತು. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟಿದ್ದಾರೆ, ಸರ್ಕಾರ ಬಿದ್ದಿದೆ. ಬೀದಿಯಲ್ಲೇನೂ ಬೀಳಲಿಲ್ಲ. ಬಸ್ಸು ಬಂತು, ಶಾಲೆ ಬಿಟ್ಟಿತು, ನಲ್ಲಿಯಲ್ಲಿ ನೀರೂ ಬಂತು. ನಮ್ಮ ಟೈಲರ್ ಮಾತ್ರ ಹೊಲಿಗೆ ನಿಲ್ಲಿಸಿ ತಲೆ ಮೇಲೆ ಕೈ ಹೊತ್ತು ಕೂತ.

ಅದಕ್ಕೆ ಕಾರಣವಿತ್ತು. ಅವನ ತಾಯಿಯ ಎರಡೂ ಕಿಡ್ನಿ ಕೆಟ್ಟಿವೆ. ಬುಧವಾರ, ಶನಿವಾರ ಸರ್ಕಾರಿ ಆಸ್ಪತ್ರೆಗೆ ಹೋಗಿ ಯಂತ್ರದಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳಬೇಕು. ಡಯಾಲಿಸಿಸ್ ಅನ್ನುತ್ತಾರಲ್ಲ, ಅದು. ಅದಕ್ಕೊಂದು ಆರೋಗ್ಯ ಕಾರ್ಡು ಕೊಟ್ಟಿದ್ದಾರೆ. ಕಾರ್ಡಿನ ಬಲಮೂಲೆಯಲ್ಲಿ ಮುಖ್ಯಮಂತ್ರಿಯ ನಗುಮುಖ. ಈಗ ಆ ಮುಖದವರೇ ಮನೆಗೆ ಹೋದರೆ ಕಾರ್ಡಿನ ಗತಿ ಏನು?

ಪಕ್ಕದ ಇಸ್ತ್ರಿ ಅಂಗಡಿಯವನು ಸುಮ್ಮನಿರಬೇಕಲ್ಲ. ಹೊಸಬರಿಗೆ ಹಳಬರ ಮುಖ ಕಂಡರೆ ಆಗುವುದಿಲ್ಲ, ಆ ಕಾರ್ಡು ತೋರಿಸಿದರೆ ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ ಅಂದ. ಟೈಲರ್ ಯೋಚನೆಗೆ ಬಿದ್ದ. ಅವನು ಯೋಚನೆಗೆ ಬಿದ್ದರೆ ಕೈ ತಾನಾಗಿ ಕತ್ತರಿಗೆ ಹೋಗುತ್ತದೆ. ಕಾಲರ್ ಕತ್ತರಿಸುವಷ್ಟು ನಾಜೂಕಾಗಿ ಮುಖ್ಯಮಂತ್ರಿಯನ್ನು ಕಾರ್ಡಿನಿಂದ ಕತ್ತರಿಸಿ ಚಿಂದಿ ಬುಟ್ಟಿಗೆ ಹಾಕಿದ. ಸಂಜೆ ಕಸದ ಗಾಡಿ ಬಂದು ಬುಟ್ಟಿ ಖಾಲಿ ಮಾಡಿಕೊಂಡು ಹೋಯಿತು. ಫೋಟೊದ ಹಿಂಬದಿಯಲ್ಲೇ ಕಾರ್ಡಿನ ನಂಬರು ಅಚ್ಚಾಗಿತ್ತು. ಮಹಾಶಯ ತಿರುಗಿಸಿ ನೋಡಿರಲಿಲ್ಲ.

ಬುಧವಾರ ಬೆಳಿಗ್ಗೆ ಹೆಂಡತಿ ಅತ್ತೆಯನ್ನು ಹೊರಡಿಸಿದರೆ ಇವನು ಬಾಗಿಲಿಗೆ ಅಡ್ಡ ನಿಂತ. ಹೊಸ ಮುಖ್ಯಮಂತ್ರಿ ಬರಲಿ, ಹೊಸ ಕಾರ್ಡು ಕೊಡಲಿ, ಆಮೇಲೆ ಹೋದರಾಯಿತು ಅಂದ. ಹೆಂಡತಿ ಅತ್ತೆಯ ಕಾಲು ತೋರಿಸಿದಳು. ಬೆರಳಿಟ್ಟು ಒತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು. ಮಲಗಿದರೆ ಉಸಿರು ಸಿಗದೆ ಮುದುಕಿ ಬೆಳಗಿನಿಂದ ಗೋಡೆಗೆ ಒರಗಿಯೇ ಕೂತಿದ್ದಳು.

"ಯಾರು ಬಂದ್ರೆ ನನಗೇನು ಮಗಾ," ಅಂದಳು ತಾಯಿ. "ನನ್ನ ಆ ಯಂತ್ರದ ಹತ್ರ ಕರ್ಕೊಂಡು ಹೋಗು."

ಹೆಂಡತಿ ಮತ್ತೆ ವಾದಕ್ಕೆ ನಿಲ್ಲಲಿಲ್ಲ. ಹಿಂದಿನ ಬೀದಿಗೆ ಓಡಿ ಆರೋಗ್ಯ ಕಾರ್ಯಕರ್ತೆಯನ್ನು ಕರೆತಂದಳು. ಕಂಕುಳಲ್ಲಿ ಸದಾ ಒಂದು ದಪ್ಪ ಫೈಲು ಇರುವುದರಿಂದ ಅವಳನ್ನು ಎಲ್ಲರೂ ಫೈಲಕ್ಕ ಅನ್ನುತ್ತಾರೆ. ಫೈಲಕ್ಕ ಅಜ್ಜಿಯ ಕಾಲು ನೋಡಿದಳು, ಉಸಿರು ಗಮನಿಸಿದಳು, ಕೂಡಲೇ ಆಟೊ ಕರೆಯಲು ಹೇಳಿದಳು. ಟೈಲರ್ ಕದಲಲಿಲ್ಲ. ಸರ್ಕಾರವೇ ಬಿದ್ದ ಮೇಲೆ ಆಸ್ಪತ್ರೆಯಲ್ಲಿ ನಮ್ಮನ್ನು ಯಾರು ಕೇಳುತ್ತಾರೆ ಎಂದು ಒಂದೇ ಹಟ ಹಿಡಿದ.

ಫೈಲಕ್ಕ ಕೇಳಿದಳು, "ಟೈಲರಣ್ಣ, ನಿಮ್ಮ ಅಂಗಡಿ ಮೊದಲು ನಿಮ್ಮ ಮಾವಂದು ಅಲ್ವಾ? ಅವರು ಬಿಟ್ಟಾಗ ಅರ್ಧ ಹೊಲಿದ ಬಟ್ಟೆ ಇದ್ವಲ್ಲ, ಏನ್ ಮಾಡಿದ್ರಿ?"

"ಹೊಲಿದು ಕೊಟ್ಟೆ."

"ಯಾಕೆ? ಒಪ್ಕೊಂಡಿದ್ದು ನಿಮ್ಮ ಮಾವ ತಾನೆ?"

"ಜನ ಬಟ್ಟೆ ಕೊಟ್ಟಿದ್ದು ಅಂಗಡಿಗೆ ಅಕ್ಕಾ, ಮಾವನಿಗಲ್ಲ."

"ಇದೂ ಅಷ್ಟೇ. ಬಿದ್ದಿದ್ದು ಮಂತ್ರಿಮಂಡಲ. ಆಸ್ಪತ್ರೆ ಬಿದ್ದಿಲ್ಲ, ಡಾಕ್ಟರು ಬಿದ್ದಿಲ್ಲ, ಕಾನೂನು ಬಿದ್ದಿಲ್ಲ. ಹೊಸಬರು ಬರೋವರೆಗೆ ಸಾಮಾನ್ಯವಾಗಿ ಹಳಬರೇ ದಿನದ ಕೆಲಸ ನೋಡ್ಕೋತಾರೆ. ಯೋಜನೆ ನಿಲ್ಲಿಸಬೇಕಂದ್ರೆ ಅದಕ್ಕೊಂದು ಆದೇಶ ಬರಬೇಕು. ನಾನು ಕೆಲಸಕ್ಕೆ ಸೇರಿದ ಮೇಲೆ ಆರು ಜನ ಮುಖ್ಯಮಂತ್ರಿಗಳು ಬಂದು ಹೋದ್ರು. ಹೋದ್ರು ಅಂತ ಆ ಯಂತ್ರ ಒಂದು ದಿನಾನೂ ನಿಂತಿಲ್ಲ."

ಟೈಲರ್ ಬಾಗಿಲು ಬಿಟ್ಟ. ಆಟೊದಲ್ಲಿ ತಾಯಿಯ ಬೆನ್ನಿಗೆ ಕೈ ಕೊಟ್ಟು ಕೂತ. ರಸ್ತೆಯ ಪ್ರತಿ ಉಬ್ಬಿನಲ್ಲೂ ಅವಳ ಉಸಿರು ಎಲ್ಲಿ ನಿಂತೀತೋ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದ.

ಆಸ್ಪತ್ರೆಯ ಕೌಂಟರಿನಲ್ಲಿ ಗುಮಾಸ್ತೆ ಮುಖ್ಯಮಂತ್ರಿಯ ವಿಷಯ ಎತ್ತಲೇ ಇಲ್ಲ. ಅವಳು ಕೇಳಿದ್ದು ಕಾರ್ಡಿನ ನಂಬರು. ಟೈಲರ್ ಮೂಲೆ ಹೋದ ಕಾರ್ಡು ಮುಂದಿಟ್ಟು, ತಾನು ಮಾಡಿದ ಘನಕಾರ್ಯವನ್ನು ಎಲ್ಲರೆದುರು ಹೇಳಿಕೊಳ್ಳಬೇಕಾಯಿತು. ಗುಮಾಸ್ತೆ ಹಳೇ ರಿಜಿಸ್ಟರ್ ತೆಗೆದಳು. ಅದೇ ಹೆಸರಿನವರು ಮೂವರಿದ್ದರು. ಒಬ್ಬರ ವಯಸ್ಸು ಹೊಂದಲಿಲ್ಲ, ಇನ್ನೊಬ್ಬರ ವಿಳಾಸ ಬೇರೆ. ಗಾಲಿಕುರ್ಚಿಯಲ್ಲಿ ತಾಯಿಯ ತುಟಿ ನೀಲಿಗಟ್ಟುತ್ತಿತ್ತು. ಫೈಲಕ್ಕ ಒಳಗೆ ಹೋಗಿ ನರ್ಸನ್ನು ಕರೆತಂದಳು. ನರ್ಸ್ ಒಮ್ಮೆ ನೋಡಿದವಳೇ, ನಂಬರು ಆಮೇಲೆ ಹುಡುಕಿ ಎಂದು ಕುರ್ಚಿಯನ್ನು ಒಳಗೆ ತಳ್ಳಿಕೊಂಡು ಹೋದಳು. ಮೂರನೇ ಹೆಸರು ತಾಯಿಯದೇ ಎಂದು ಗೊತ್ತಾಗುವ ಹೊತ್ತಿಗೆ ಯಂತ್ರ ತಿರುಗುತ್ತಿತ್ತು.

ಹೊರಗಿನ ಬೆಂಚಿನಲ್ಲಿ ಕಾಯಬೇಕಾದ್ದು ನಾಲ್ಕು ಗಂಟೆ. ಟೈಲರ್‌ಗೆ ಇನ್ನೊಂದು ಅನುಮಾನ ಹುಟ್ಟಿತು. ಎಲ್ಲ ತಾನಾಗಿ ನಡೆಯುವುದಾದರೆ ಮುಖ್ಯಮಂತ್ರಿ ಯಾಕೆ ಬೇಕು?

ಫೈಲಕ್ಕ ಹಳೇ ಕಾಲದಿಂದ ಶುರು ಮಾಡಿದಳು. ರಾಜರಿದ್ದಾಗ ದೊಡ್ಡ ಮಂತ್ರಿಯನ್ನು ರಾಜನೇ ಆರಿಸುತ್ತಿದ್ದ. ಆ ಮಂತ್ರಿ ಲೆಕ್ಕಕ್ಕಿಟ್ಟುಕೊಳ್ಳಬೇಕಾದ್ದು ರಾಜನೊಬ್ಬನನ್ನೇ. ರಾಜ ಮುನಿದರೆ ಮಂತ್ರಿಯೂ ಹೋದ, ಅವನು ಜನಕ್ಕೆ ಕೊಟ್ಟ ಮಾತೂ ಹೋಯಿತು. ಎಷ್ಟೋ ವರ್ಷ ಜನ ಹೋರಾಡಿದ ಮೇಲೆ ಚುನಾಯಿತ ಸಭೆಗಳು ಬಂದವು. ಮೊದಮೊದಲು ಆಸ್ತಿಪಾಸ್ತಿ ಇದ್ದವರಿಗಷ್ಟೇ ಓಟು. ಆಮೇಲೆ ವಯಸ್ಸಿಗೆ ಬಂದ ಗಂಡಸು ಹೆಂಗಸು ಎಲ್ಲರಿಗೂ ಸಿಕ್ಕಿತು. ಈಗ ಸಭೆಯಲ್ಲಿ ಹೆಚ್ಚು ಶಾಸಕರ ಬೆಂಬಲ ಯಾರಿಗಿದೆಯೋ ಅವರು ಮುಖ್ಯಮಂತ್ರಿ. ಬೆಂಬಲ ಹೋದರೆ ಕುರ್ಚಿ ಬಿಡಬೇಕು.

"ನೀವು ನಿನ್ನೆ ಹೆದರಿದ್ದು ರಾಜರ ಕಾಲದವರ ಹಾಗೆ, ಟೈಲರಣ್ಣ. ಆ ಕಾಲ ಹೋಯ್ತು. ಹಾಗಂತ ಯಾರು ಬಂದ್ರೆ ನನಗೇನು ಅನ್ನೋ ಹಾಗೂ ಇಲ್ಲ. ಯಾವ ಮಂತ್ರಿಗೆ ಯಾವ ಖಾತೆ, ಯಾವ ಕೆಲಸ ಮೊದಲು, ಈ ಆಸ್ಪತ್ರೆಗೆ ಇನ್ನೆರಡು ಯಂತ್ರ ಬರಬೇಕೋ ಬೇಡವೋ, ಎಲ್ಲಾ ಮುಖ್ಯಮಂತ್ರಿ ಮತ್ತೆ ಅವರ ಮಂತ್ರಿಮಂಡಲ ತೀರ್ಮಾನ ಮಾಡೋದು. ಸಭೇಲಿ ಎದ್ದು ನಿಂತು ಉತ್ತರ ಹೇಳಬೇಕಾದವರೂ ಅವರೇ. ಅವರನ್ನ ಕೇಳೋ ಶಾಸಕರನ್ನ ಕಳಿಸೋರು ನಾವು."

ಮಧ್ಯಾಹ್ನ ಡಾಕ್ಟರು ಹೊರಗೆ ಬಂದರು. ಶ್ವಾಸಕೋಶಕ್ಕೆ ನೀರು ಸೇರಿತ್ತು, ಶನಿವಾರದವರೆಗೆ ಬಿಟ್ಟಿದ್ದರೆ ಉಳಿಸುವುದು ಕಷ್ಟವಿತ್ತು ಎಂದರು. ಟೈಲರ್ ಕಾಯುತ್ತೇನೆ ಅಂದದ್ದು ಹೊಸ ಮುಖ್ಯಮಂತ್ರಿ ಬರುವವರೆಗೆ.

ಒಳಗೆ ಹೋಗಿ ತಾಯಿಯ ಮಂಚದ ಪಕ್ಕ ಕೂತು, ಹೆದರಿಕೆಯಲ್ಲಿ ಹಾಗೆ ಮಾಡಿಬಿಟ್ಟೆ ಅಂದ. ತಾಯಿಯ ಉಸಿರು ಹಗುರವಾಗಿತ್ತು. ಅವನ ಕೈ ಹಿಡಿದುಕೊಂಡಳು.

"ನೀನು ಅವರಿಗೆ ಹೆದರಿದೆ ಮಗಾ. ನಾನು ನಿನಗೆ ಹೆದರಿದೆ. ಬಾಗಿಲಲ್ಲಿ ನಿಂತಿದ್ದು ನೀನಲ್ವಾ?"

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಮುಖ್ಯಮಂತ್ರಿ ಬದಲಾದರು ಎಂಬ ಸುದ್ದಿ ಕೇಳಿದರೆ ಚಿಕಿತ್ಸೆ, ಲಸಿಕೆ, ಔಷಧಿ ಯಾವುದನ್ನೂ ತಪ್ಪಿಸಬೇಡಿ. ಯೋಜನೆ ನಿಂತಿತು ಎಂದು ಯಾರಾದರೂ ಹೇಳಿದರೆ ಆದೇಶ ಎಲ್ಲಿದೆ ಎಂದು ಕೇಳಿ. ನಿಮ್ಮ ಆರೋಗ್ಯ ಕಾರ್ಯಕರ್ತೆಯನ್ನು ವಿಚಾರಿಸಿ. ಚುನಾವಣೆಯ ದಿನ ತಪ್ಪದೆ ಓಟು ಹಾಕಿ, ಗೆದ್ದವರನ್ನು ಪ್ರಶ್ನೆ ಕೇಳಿ. ಅಲ್ಲಿಯವರೆಗೆ, ನಿಮ್ಮವರು ಆಸ್ಪತ್ರೆಗೆ ಹೊರಟಾಗ ಬಾಗಿಲಿಗೆ ನೀವೇ ಅಡ್ಡ ನಿಲ್ಲಬೇಡಿ.