ಸೊಸೈಟಿಯ ಅಂಗಳದಲ್ಲಿ ಕೂತ ಕುರಿ

ಮೆಲಕು ಹಾಕುವುದನ್ನು ಕಣ್ಣಾರೆ ನೋಡದೆ ಸಕ್ಕುಬಾಯಿ ಒಂದು ಕುರಿಯನ್ನೂ ಕೊಂಡವಳಲ್ಲ. ಅಥಣಿಯ ಸಂತೆಯಲ್ಲಿ ಮಾರುವವನು ಎಷ್ಟೇ ಬಣ್ಣದ ಮಾತಾಡಲಿ, ಇವಳು ಮೊದಲು ಕುರಿಯ ತುಟಿ ಎತ್ತಿ ಹಲ್ಲು ನೋಡುವಳು. ಆಮೇಲೆ ಒಂದು ಹಿಡಿ ಮೇವು ತಿನ್ನಿಸಿ ಅದರ ಪಕ್ಕದಲ್ಲೇ ಕೂತುಬಿಡುವಳು. ತಾಸಾಗಲಿ, ಎರಡು ತಾಸಾಗಲಿ, ಕುರಿ ಮಲಗಿ ಮೆಲಕು ಹಾಕಿದ ಮೇಲೆಯೇ ಸೆರಗಿನ ಗಂಟು ಬಿಚ್ಚುವುದು. ಗಂಡ ವಿಠೋಬಾನಿಗೆ ಇದು ಭಾರಿ ನಾಚಿಕೆಯ ಸಂಗತಿ. ಅವನೋ, ಯಾರಾದರೂ ಒಂದು ಕಪ್ ಚಹಾ ಕುಡಿಸಿ ಹೆಗಲ ಮೇಲೆ ಕೈಯಿಟ್ಟರೆ ಸಾಕು, ಕರಗಿ ನೀರಾಗುವ ಪ್ರಾಣಿ.

ಸಂಕ್ರಮಣ ಕಳೆದ ವಾರ ಇಬ್ಬರೂ ಸೇರಿ ಮೂವತ್ತು ಟಗರುಮರಿ ಮಾರಿದರು. ಒಂದಕ್ಕೆ ಎಂಟು ಸಾವಿರದಂತೆ ಎರಡು ಲಕ್ಷ ನಲವತ್ತು ಸಾವಿರ ಕೈಗೆ ಬಂತು. ಅಷ್ಟು ರೊಕ್ಕವನ್ನು ಆ ಮನೆತನದಲ್ಲಿ ಯಾರೂ ಒಟ್ಟಿಗೆ ಕಂಡಿರಲಿಲ್ಲ. ಮಗಳು ಕೋಮಲ ಆಗ ಪಿಯುಸಿ ಮೊದಲ ವರ್ಷ. ಬರುವ ವರ್ಷ ಅವಳು ಚಿಕ್ಕೋಡಿಯಲ್ಲಿ ನರ್ಸಿಂಗ್ ಸೇರಬೇಕು, ಅದಕ್ಕೆ ಎರಡು ಲಕ್ಷ ಅರವತ್ತೈದು ಸಾವಿರ ಬೇಕು. ಸಕ್ಕುಬಾಯಿಯ ಅವ್ವ ಕುರಿಯ ಹಿಂದೆ ನಡೆದಳು, ಸಕ್ಕುಬಾಯಿ ನಡೆದಳು. ಕೋಮಲ ನಡೆಯಬಾರದು. ಇದೊಂದು ಮಾತಿನಲ್ಲಿ ಅವಳದು ಕಲ್ಲಿನಂಥ ಹಟ.

ಹಾಗಾದರೆ ಆ ರೊಕ್ಕವನ್ನು ಒಂದು ವರ್ಷ ಎಲ್ಲಿಡಬೇಕು? ಬಂಧುಬಳಗದವರೆಲ್ಲ ಕುರಿಗೇ ಹಾಕು ಎಂದರು, ಒಂದು ಎರಡಾಗುತ್ತದೆ ಎಂದರು. ಅದು ಹುಟ್ಟುವ ಮರಿಯ ಲೆಕ್ಕ. ಹೋದ ವರ್ಷ ನೀಲಿ ನಾಲಿಗೆ ರೋಗಕ್ಕೆ ಸತ್ತ ಇಪ್ಪತ್ತೆರಡನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬ್ಯಾಂಕಿನಲ್ಲಿ ವಿಚಾರಿಸಿದರೆ ವರ್ಷಕ್ಕೆ ನೂರಕ್ಕೆ ಏಳು. ನಿಪ್ಪಾಣಿ ಪೇಟೆಯ ಒಂದು ಸೊಸೈಟಿಯಲ್ಲಿ ಹದಿಮೂರು.

“ಏಳೆಲ್ಲಿ, ಹದಿಮೂರೆಲ್ಲಿ,” ಎಂದ ವಿಠೋಬಾ. “ಹೆಚ್ಚೂಕಡಿಮಿ ಡಬಲ್ ಆತಲ್ಲ, ಸಕ್ಕು.”

“ನಾ ಲೆಕ್ಕಾ ಹಾಕೀನ್ರಿ. ವರ್ಷಕ್ಕ ಹದಿನಾಕು ಸಾವಿರದ ನಾಕುನೂರು ಫರಕ ಬರತೈತಿ. ಎರಡು ಟಗರಿನ ರೊಕ್ಕಾನೂ ಅಲ್ಲ ಅದು. ಬ್ಯಾಂಕಿನಾಗ ಇಟ್ರ ಫೀಗೆ ಎಂಟು ಸಾವಿರ ಕಡಿಮಿ ಬೀಳತೈತಿ, ಇನ್ನೊಂದು ಮರಿ ಮಾರೂಣು. ಎರಡು ಟಗರಿನ ಆಸೇಕ ಮೂವತ್ತು ಟಗರು ಕಳಕೊಳ್ಳಾಕ ನಾ ತಯಾರಿಲ್ಲ.”

“ಎಲ್ಲಾರೂ ಅಲ್ಲೇ ಇಡಾಕತ್ತಾರ.”

“ಇಡಲಿ. ನಾವು ಮೊದಲ ಐದು ಸಾವಿರ ಇಡೂಣು. ತಿಂಗಳಾದ ಮ್ಯಾಲೆ ತಿರಿಗಿ ಕೇಳತೀನಿ. ಕೇಳಿದ ದಿನಾನ ಕೊಟ್ರ, ಉಳದದ್ದೂ ಅಲ್ಲೇ ಇಡೂಣು.”

“ಅದೇನು ಕುರಿ ಏನು, ಮೆಲಕು ಹಾಕತೈತಿಲ್ಲೋ ನೋಡಾಕ?”

“ಹೂಂ. ಹಂಗ ತಿಳಕೋರಿ.”

ಐದು ಸಾವಿರ ಸೊಸೈಟಿಗೆ ಹೋಯಿತು, ಉಳಿದದ್ದು ಬ್ಯಾಂಕಿನ ಖಾತೆಯಲ್ಲಿ ಕೂತಿತು. ಆ ಹೊತ್ತಿಗೆ ಅವರ ನೂರಿಪ್ಪತ್ತು ಕುರಿ ನಿಪ್ಪಾಣಿಯ ಹೊರಗಿನ ಹೊಲಗಳಲ್ಲಿ ಇಳಿದಿದ್ದವು. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಕುರಿ ಕೂಡಿಸಿದರೆ ಗೊಬ್ಬರವಾಗುತ್ತದೆ, ಅದಕ್ಕೆ ಹೊಲದವರು ರೊಕ್ಕ ಕೊಡುತ್ತಾರೆ. ಕೆಲವರು ಕೊಡುವುದಿಲ್ಲ, ನಾಳೆ ನಾಡಿದ್ದು ಎನ್ನುತ್ತಾರೆ. ಅಂಥವರೊಡನೆ ಕುರುಬರು ಜಗಳಕ್ಕೆ ನಿಲ್ಲುವುದಿಲ್ಲ, ಬೆಳಗಾದರೂ ಕುರಿ ಎಬ್ಬಿಸುವುದಿಲ್ಲ, ಅಷ್ಟೇ. ಕುರಿ ಏಳದೆ ನೇಗಿಲು ಇಳಿಯದು. ಮಧ್ಯಾಹ್ನದೊಳಗೆ ರೊಕ್ಕ ತಾನಾಗಿ ಬರುತ್ತದೆ.

ತಿಂಗಳು ತುಂಬಿದ ದಿನ ಸಕ್ಕುಬಾಯಿ ಸೊಸೈಟಿಗೆ ಹೋದಳು. ಮ್ಯಾನೇಜರ್ ಆಬಾಸಾಹೇಬ ಕೈಮುಗಿದು ಕೂಡಿಸಿದ. “ವೈನಿ, ಸೋಮವಾರ ಬರ್ರಿ,” ಎಂದ. ಸೋಮವಾರ ಹೋದರೆ ಚೇರ್ಮನ್ನರ ಸಹಿ ಇಲ್ಲ. ಗುರುವಾರ ಹೋದರೆ ಚೇರ್ಮನ್ನರೇ ಇಲ್ಲ. ಚಹಾ ಮಾತ್ರ ಪ್ರತಿಸಲವೂ ಬಂತು. ಆ ಚಹಾ ಕಂಡರೆ ಅವಳಿಗೆ ಮೈ ಉರಿಯತೊಡಗಿತು.

ಅಲ್ಲಿನ ಬೆಂಚಿನ ಮೇಲೆಯೇ ಅವಳಿಗೆ ಕಾಂಚನಳ ಪರಿಚಯವಾದದ್ದು. ಕಾಂಚನ ಪಕ್ಕದ ಓಣಿಯ ತಂಬಾಕಿನ ಗೋದಾಮಿನಲ್ಲಿ ದುಡಿಯುವವಳು, ಮೈಗೆಲ್ಲ ತಂಬಾಕಿನ ಘಾಟು. ಕೆಲಸವಿದ್ದ ದಿನವೆಲ್ಲ ಇಪ್ಪತ್ತು ರೂಪಾಯಿ ಪಿಗ್ಮಿ ಉಳಿತಾಯಕ್ಕೆ ಕಟ್ಟುತ್ತಿದ್ದಳು. ಸೊಸೈಟಿಯ ಏಜೆಂಟ ಸಂಜೆ ಗೋದಾಮಿನ ಬಾಗಿಲಿಗೇ ಚೀಲ ಹಿಡಿದು ಬಂದು, ಸಾಲಾಗಿ ಎಲ್ಲ ಹೆಂಗಸರಿಂದಲೂ ಒಯ್ಯುತ್ತಿದ್ದ. ಮೂರು ವರ್ಷಕ್ಕೆ ಹದಿನೆಂಟು ಸಾವಿರವಾಗಿತ್ತು. ಮನೆಯ ಮೇಲೆ ಹೊಸ ತಗಡಿನ ಪತ್ರಾ ಹಾಕಿಸಬೇಕು ಎಂದು ಬಂದಿದ್ದಳು.

“ಕೇಳಿದೇನು?” ಎಂದಳು ಸಕ್ಕುಬಾಯಿ.

“ಒಂದ್ಸಲ ಕೇಳೇನಕ್ಕಾ. ಸಾಹೇಬ್ರು ಸಿಟ್ಟಾದ್ರು. ಗೋದಾಮಿನ ಮಾಲಕರು ಇವರ ದೋಸ್ತ. ಬಾಳ ಜೋರ ಮಾಡಿದ್ರ ಕೆಲಸಕ್ಕ ಕುತ್ತು ಬರತೈತಿ.”

ಆ ಗುರುವಾರ ಬರಿಗೈಲಿ ಕುರಿಯ ಬಳಿಗೆ ಮರಳಿದರೆ, ಹಟ್ಟಿಯ ಗೂಟಕ್ಕೆ ಒಂದು ಗೋಡೆ ಗಡಿಯಾರ ನೇತಾಡುತ್ತಿತ್ತು. ಸುತ್ತ ಎತ್ತ ನೋಡಿದರೂ ಬಯಲು, ಒಂದು ಗೋಡೆ ಇಲ್ಲ, ಗಡಿಯಾರ ಮಾತ್ರ ಥಳಥಳ ಹೊಳೆಯುತ್ತಿತ್ತು. ಮೇಲೆ ಸೊಸೈಟಿಯ ಹೆಸರು. ಎರಡು ಲಕ್ಷದ ಮೇಲೆ ಠೇವಣಿ ಇಟ್ಟವರಿಗೆ ಕೊಡುವ ಕಾಣಿಕೆ ಅದು.

ವಿಠೋಬಾ ತಲೆ ಎತ್ತಲಿಲ್ಲ. “ಒಂದನೇ ತಾರೀಖಿನಿಂದ ಹದಿಮೂರು ಹೋಗಿ ಹನ್ನೊಂದು ಆಗತೈತಿ ಅಂದ್ರು. ನಿನ್ನೆ ಬ್ಯಾಂಕಿಂದ ತಗದು ಇಟ್ಟೆ. ಎದ್ದು ನಿಂತು ಶಾಲು ಹೊಚ್ಚಿದ್ರು, ಸಕ್ಕು. ಮನಿಗೆ ಬಂದ ಬೀಗರಂಗ ಪಾವಣ್ಯಾರ ಅಂದ್ರು.”

ಸಕ್ಕುಬಾಯಿ ರೊಟ್ಟಿ ಬಡಿದಳು, ಗಂಡನಿಗೆ ಹಾಕಿದಳು, ತಾನು ಉಣ್ಣಲಿಲ್ಲ. ಆ ಮನುಷ್ಯನಿಗೆ ಬದುಕಿನಲ್ಲಿ ಯಾರೂ ಶಾಲು ಹೊದಿಸಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ಸಿಟ್ಟನ್ನು ಪೂರ್ತಿ ಅವನ ಮೇಲೆ ಹಾಕಲೂ ಆಗಲಿಲ್ಲ.

ರವಿವಾರ ಕೋಮಲ ಬಂದಾಗ ಠೇವಣಿಯ ಪಾವತಿ ಚೀಟಿಯನ್ನು ಅವಳ ಕೈಗಿತ್ತಳು. ಮುಂಬದಿ ಎಲ್ಲರೂ ಓದುತ್ತಾರೆ, ಹಿಂಬದಿ ಓದು ಎಂದಳು. ಸಣ್ಣ ಅಕ್ಷರಗಳನ್ನು ಬಿಸಿಲಿಗೆ ಹಿಡಿದು ಕೋಮಲ ಓದಿದಳು: “ಮುಂಚೆ ಬೇಕಂದ್ರ ಅರ್ಜಿ ಕೊಡಬೇಕಂತ, ಯವ್ವಾ. ಎಂಟು ದಿನದಾಗ ಅಸಲು ಕೊಡತಾರಂತ. ಬಡ್ಡಿ ಇಲ್ಲ.”

“ಬಡ್ಡಿ ಅವರ ಕಡೆನ ಇರಲಿ. ಅರ್ಜಿ ಬರಿ. ನನ್ನ ಐದು ಸಾವಿರಾನೂ ಅದರಾಗ ಹಾಕು.”

ಅರ್ಜಿ ಕೊಟ್ಟು, ಅದರ ನಕಲಿನ ಮೇಲೆ ಸೊಸೈಟಿಯ ಮೊಹರಿನ ಠಸೆ ಹಾಕಿಸಿಕೊಂಡಳು. ಎಂಟು ದಿನ ಕಳೆದವು. ಆಬಾಸಾಹೇಬ ಈ ಸಲ ಚಹಾ ತರಿಸಲಿಲ್ಲ. “ಏನ್ ವೈನಿ, ಇಷ್ಟ ಅವಿಶ್ವಾಸ ಆದ್ರ ಹೆಂಗ? ಮಾರ್ಚ್ ಮುಗೀಲಿ,” ಎಂದ.

ಮರುದಿನ ಪೇಟೆಯ ಸಂತೆ. ಬೆಳಿಗ್ಗೆ ಒಂಬತ್ತಕ್ಕೆ, ಸೊಸೈಟಿಯ ಬಾಗಿಲು ತೆರೆಯುವ ಮೊದಲೇ, ನೂರಿಪ್ಪತ್ತು ಕುರಿ ಧೂಳೆಬ್ಬಿಸುತ್ತ ಪೇಟೆಯೊಳಗೆ ಬಂದವು. ಮುಂದೆ ಸಕ್ಕುಬಾಯಿ, ಹಿಂದೆ ಕಂಬಳಿ ಹೊದ್ದ ವಿಠೋಬಾ, ಅವನ ಬಗಲಲ್ಲಿ ಗಡಿಯಾರ. ಸೊಸೈಟಿಯ ಅಂಗಳ ತುಂಬಿತು, ಮೆಟ್ಟಿಲು ತುಂಬಿದವು. ಅವಳು ನಾಲಗೆಯಿಂದ ಒಂದು ಸದ್ದು ಮಾಡಿದಳು, ಕುರಿಗಳು ಒಂದೊಂದಾಗಿ ಮಂಡಿ ಊರಿ ಕೂತವು. ಗಡಿಯಾರವನ್ನು ಅವಳೇ ಗೇಟಿನ ಚಿಲಕಕ್ಕೆ ತೂಗುಹಾಕಿದಳು.

ಆಬಾಸಾಹೇಬ ಬಂದವನು ಗೇಟಿನಲ್ಲೇ ನಿಂತ. “ವಿಠೋಬಾ, ಏನಿದು? ಎಬ್ಬಸು.”

ವಿಠೋಬಾ ಹೆಂಡತಿಯ ಕಡೆ ನೋಡಿದ, ಕುರಿಯ ಕಡೆ ನೋಡಿದ. “ಕೂಡಿಸಿದ ಕುರಿ ರೊಕ್ಕಾ ಬರದ ಏಳಂಗಿಲ್ರಿ ಸಾಹೇಬ್ರ. ನಮ್ಮಲ್ಲಿ ಪದ್ಧತಿ ಐತಿ,” ಎಂದ. ಸಕ್ಕುಬಾಯಿಗೆ ಆ ಕ್ಷಣ ಗಂಡನ ಮೇಲಿದ್ದ ಅರ್ಧ ಸಿಟ್ಟು ಇಳಿಯಿತು.

“ಪೊಲೀಸರನ್ನ ಕರಸಲೇನು?”

“ಕರಸ್ರಿ,” ಎಂದಳು ಸಕ್ಕುಬಾಯಿ. “ಠಸೆ ಹಾಕಿದ ಅರ್ಜಿ ನನ್ನ ಕಡೆ ಐತಿ. ಅವರ ಮುಂದನ ಓದಿಸೂಣು.”

ಸಂತೆಗೆ ಬಂದವರು ನಿಂತರು. ಏನಾಗೇತಿ ಎಂದು ಒಬ್ಬರಿಗೊಬ್ಬರು ಕೇಳತೊಡಗಿದರು, ಸೊಸೈಟಿಯ ಹೆಸರು ಬಾಯಿಂದ ಬಾಯಿಗೆ ಹೋಗತೊಡಗಿತು. ಅದು ಹೆಚ್ಚಾದಷ್ಟೂ ಆಬಾಸಾಹೇಬನ ಹಣೆಯಲ್ಲಿ ಬೆವರು ಹೆಚ್ಚಾಯಿತು. ಒಳಗೆ ಹೋಗಿ ಫೋನಿಗೆ ಕೂತ. ಹನ್ನೊಂದರ ಸುಮಾರಿಗೆ ಮೋಟರ್‌ಸೈಕಲ್ಲಿನ ಮೇಲೆ ಯಾರೋ ಒಂದು ಚೀಲ ತಂದುಕೊಟ್ಟರು. ಮೇಜಿನ ಮೇಲೆ ಐದುನೂರರ ಕಟ್ಟುಗಳು ಬಿದ್ದವು, ಎರಡು ಲಕ್ಷ ಮೂವತ್ತು ಸಾವಿರ. ಇನ್ನು ಹತ್ತು ಸಾವಿರ ಕಡಿಮೆ. ಆಬಾಸಾಹೇಬ ಕಪಾಟಿನಿಂದ ಇನ್ನೊಂದು ಚೀಲ ತೆಗೆದು ಅದರಿಂದ ಎಣಿಸಿಕೊಟ್ಟ. ಎಲ್ಲ ಐವತ್ತು, ಇಪ್ಪತ್ತು, ಹತ್ತರ ಮುದ್ದೆಯಾದ ನೋಟು.

ಸಕ್ಕುಬಾಯಿ ಕೊನೆಯ ನೋಟಿನವರೆಗೂ ಎಣಿಸಿದಳು. ಸರಿಯಿತ್ತು. ಕೋಮಲಳ ಕಾಲೇಜು ಕೈಯಲ್ಲಿ ಬಂದು ಕೂತಂತಾಗಿ ಎದೆ ಹಗುರಾಯಿತು. ಗಂಟು ಕಟ್ಟಲು ಸೆರಗು ಎಳೆದಳು. ಆಗ ಸೀನು ಬಂತು. ಒಂದಲ್ಲ, ಮೂರು. ಸಣ್ಣ ನೋಟುಗಳನ್ನು ಮೂಗಿನ ಹತ್ತಿರ ತಂದಳು. ತಂಬಾಕಿನ ಘಾಟು. ಹತ್ತು ಹನ್ನೆರಡು ದಿನದಿಂದ ಗೋದಾಮಿನ ಬಾಗಿಲಲ್ಲಿ ಕೂಡಿಸಿದ ಪಿಗ್ಮಿ ಅದು.

ತನ್ನ ರೊಕ್ಕ ತನಗೆ ಬಂದದ್ದಲ್ಲ, ಆ ಹೆಂಗಸರದು ತನಗೆ ಬಂದಿತ್ತು. ಮುಖಕ್ಕೆ ಹೊಡೆದಂತೆ ನಾಚಿಕೆಯಾಯಿತು. ತಿರುಗಿ ಕೊಡೋಣವೆಂದರೆ ಮಗಳ ಮುಖ ಕಣ್ಣೆದುರು ಬಂತು, ಕೈ ಮುಂದಾಗಲಿಲ್ಲ. ಎದ್ದು ಹೋಗೋಣವೆಂದರೆ ಕಾಂಚನಳ ಹದಿನೆಂಟು ಸಾವಿರ ನೆನಪಾಯಿತು.

ಹೊರಗೆ ಅಂಗಳದಲ್ಲಿ ವಿಠೋಬಾ ಕೋಲು ಎತ್ತಿದ್ದ. ಮುಂದಿನ ನಾಲ್ಕು ಕುರಿ ಆಗಲೇ ಎದ್ದು ನಿಂತಿದ್ದವು. ಗೇಟಿನ ಆಚೆ, ಜನರ ಹಿಂದೆ, ಕಾಂಚನ ನಿಂತಿದ್ದಳು. ಸೆರಗಿನ ಅಡಿಯಲ್ಲಿ ಪಿಗ್ಮಿಯ ಹಳದಿ ಪುಸ್ತಕದ ಅಂಚು ಕಾಣುತ್ತಿತ್ತು. ಒಳಗೆ ಬರಲು ಅವಳಿಗೆ ಧೈರ್ಯವಿರಲಿಲ್ಲ.

ಸಕ್ಕುಬಾಯಿ ರೊಕ್ಕದ ಗಂಟನ್ನು ಸೊಂಟಕ್ಕೆ ಬಿಗಿದು ಗೇಟಿಗೆ ಬಂದಳು.

“ಕಾಂಚನಾ, ಎಷ್ಟು ಮಂದಿ ಅದೀರಿ ಗೋದಾಮಿನಾಗ?”

“ನಲವತ್ತಾರು, ಅಕ್ಕಾ.”

“ಎಲ್ಲಾರನ್ನೂ ಕರಕೊಂಡು ಬಾ. ಪುಸ್ತಕಾ ತರಾಕ ಹೇಳು. ನಲವತ್ತಾರು ಮಂದೀನ್ನ ಯಾವ ಮಾಲಕನೂ ಒಂದ ದಿನದಾಗ ಕೆಲಸಾ ಬಿಡಸಂಗಿಲ್ಲ.”

“ನಿಂದು ಬಂತಲ್ಲ, ಅಕ್ಕಾ. ನೀ ಹೋಗು.”

“ಬಂದಿಲ್ಲ,” ಎಂದಳು ಸಕ್ಕುಬಾಯಿ. “ನಿಮ್ಮದು ಬಂದೈತಿ.”

ಕಾಂಚನ ಗೋದಾಮಿನ ಓಣಿಯ ಕಡೆ ತಿರುಗಿ, ಮೊದಲು ನಡೆದು, ನಂತರ ಓಡಿದಳು. ಸಕ್ಕುಬಾಯಿ ಹಿಂದಕ್ಕೆ ಬಂದಳು. ಬಾಗಿಲಲ್ಲಿ ಆಬಾಸಾಹೇಬ ನಿಂತಿದ್ದ; ಅವನ ಕಡೆ ನೋಡಲಿಲ್ಲ.

“ಕೋಲು ಇಳಸ್ರಿ,” ಎಂದಳು ಗಂಡನಿಗೆ. “ಕುರಿ ಕೂಡ್ರಲಿ.”

ಎದ್ದಿದ್ದ ನಾಲ್ಕೂ ಮತ್ತೆ ಮಂಡಿ ಊರಿದವು. ವಿಠೋಬಾ ಕಂಬಳಿ ಹಾಸಿದ. ಸಕ್ಕುಬಾಯಿ ಅದರ ಮೇಲೆ ಕೂತು ರೊಟ್ಟಿಯ ಗಂಟು ಬಿಚ್ಚಿದಳು. ಗೇಟಿನ ಮೇಲಿನ ಗಡಿಯಾರದಲ್ಲಿ ಹನ್ನೊಂದೂವರೆಯಾಗಿತ್ತು.